ತಾಟೆಗೆ ಸಿಕ್ಕಿದ ಪಾಲು

ನಿಲ್ಲಬೇಡ ಹೆಣ್ಣೆ, ನಡಿ. ಸೊಂಟದ ತನಕ ನೀರಿದೆ ಅಂತ ಹೆದರಬೇಡ, ಪಕ್ಕದಲ್ಲೇ ನಾನಿದ್ದೇನೆ. ಒಂದು ಕೈ ಮರಿಯ ಹೊಟ್ಟೆಯ ಅಡಿಗೆ, ಇನ್ನೊಂದು ಕೈ ಬಾಲದ ಹತ್ತಿರ. ಮೂತಿ ಮುಂದಕ್ಕಿರಲಿ. ಹಾಗೇ ಅದನ್ನು ನೀರಿನೊಳಗೆ ನಡೆಸಿಕೊಂಡು ಹೋಗು. ಅಲ್ಲೊಂದು ನೀಲಿ ದೋಣಿ ಕಾಣುತ್ತದಲ್ಲ, ಅಲ್ಲಿಯ ತನಕ ಹೋಗುವುದು, ತಿರುಗಿ ಬರುವುದು.

ಈ ಮರಿ ಈಗಷ್ಟೇ ಎಳೆದ ಕೈರಂಪಣಿ ಬಲೆಯಲ್ಲಿ ಭೂತಾಯಿ ಮೀನುಗಳ ರಾಶಿಯ ಅಡಿಗೆ ಸಿಕ್ಕಿಬಿದ್ದಿತ್ತು. ನಿನ್ನ ಪುಸ್ತಕದಲ್ಲಿ ಶಾರ್ಕ್ ಅಂತ ಬರೆದಿದ್ದಾರಲ್ಲ, ಅದರದೇ ಮರಿ. ನಮ್ಮ ಕಡೆ ತಾಟೆ ಅನ್ನುತ್ತೇವೆ. ಜೀವ ಹೋದ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಹೋಗಿಲ್ಲ. ನಡೆಸಿದರೆ ಬದುಕೀತು, ನಿಲ್ಲಿಸಿದರೆ ಸಾಯುತ್ತದೆ.

ಯಾಕೆ ಅಂತ ಕೇಳುತ್ತೀಯಾ? ಹೇಳುತ್ತೇನೆ. ಆದರೆ ಕಥೆ ಕೇಳುತ್ತಾ ಬಾಯಿ ಬಿಟ್ಟುಕೊಂಡು ನಿಂತುಬಿಡುವ ಅಭ್ಯಾಸ ನಿನಗಿದೆ. ಇವತ್ತು ಅದು ನಡೆಯುವುದಿಲ್ಲ. ನನ್ನ ಬಾಯಿ ನಡೆಯಲಿ, ನಿನ್ನ ಕಾಲು ನಡೆಯಲಿ.

ಲೋಕ ಇನ್ನೂ ಹೊಸತಾಗಿತ್ತು. ಎಷ್ಟು ಹೊಸತು ಅಂದರೆ, ಹೊಳೆಗೆ ಕಡಲಿನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಒಮ್ಮೆ ಈ ಬದಿಯಿಂದ ಬಂದು ಸೇರುತ್ತಿತ್ತು, ಒಮ್ಮೆ ಆ ಬದಿಯಿಂದ. ಯಾವ ಕಡೆ ನಡೆಯಬೇಕು ಅಂತ ಏಡಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಇವತ್ತಿಗೂ ಆಗಿಲ್ಲ ಬಿಡು.

ಆ ಕಾಲದಲ್ಲಿ ಗಾಳಿಗೂ ಮೀನುಗಳಿಗೂ ಭಾರೀ ದೋಸ್ತಿ. ಗಾಳಿ ಒಂದು ದಿನ ಮೀನುಗಳನ್ನೆಲ್ಲ ಕರೆದು, ತನ್ನದೇ ಒಂದೊಂದು ಉಸಿರನ್ನು ಪುಟ್ಟ ಚೀಲದಲ್ಲಿ ಕಟ್ಟಿ ಎಲ್ಲರ ಹೊಟ್ಟೆಯೊಳಗೆ ಇಟ್ಟಿತು.

"ಇನ್ನು ನೀವು ಮುಳುಗುವುದೂ ಇಲ್ಲ, ಮೇಲಕ್ಕೆ ತೇಲಿ ಹೋಗುವುದೂ ಇಲ್ಲ. ನೀರಿನ ನಡುವೆ ಇದ್ದಲ್ಲೇ ಇರಬಹುದು. ಸುಸ್ತಾದಾಗ ಒಂದು ಗಳಿಗೆ ನಿಂತು ಸುಧಾರಿಸಿಕೊಳ್ಳಿ" ಎಂದಿತು ಗಾಳಿ.

ಒಂದು ಗಳಿಗೆ ಅಂದದ್ದನ್ನು ಯಾರು ಕೇಳಿಸಿಕೊಂಡರು? ಭೂತಾಯಿ ನಿಂತಿತು, ನಿದ್ದೆ ಮಾಡಿತು. ಕಾಣೆ ಮೀನು ನಿಂತಿತು, ನಿದ್ದೆ ಮಾಡಿತು. ಕೊಡ್ಡಾಯಿ ನಿಂತಿತು, ನಿದ್ದೆ ಮಾಡಿತು, ಅದರ ಗೊರಕೆ ಹೊಳೆ ಕಡಲು ಸೇರುವ ಅಳಿವೆಯ ತನಕ ಕೇಳುತ್ತಿತ್ತು. ಕಡಲ ತುಂಬ ಮೀನುಗಳು ಒಣಗಲು ಹಾಕಿದ ಬಟ್ಟೆಯ ಹಾಗೆ ಸಾಲಾಗಿ ಜೋತುಬಿದ್ದವು.

ಎಲ್ಲರಿಗಿಂತ ದೊಡ್ಡ ನಿದ್ದೆ ಯಾರದ್ದು ಗೊತ್ತಾ? ತಾಟೆಯದ್ದು. ಹೌದು, ಇದೇ ತಾಟೆಯದ್ದು! ಆಗ ಅವಳ ಹೊಟ್ಟೆಯಲ್ಲೂ ಗಾಳಿಚೀಲ ಇತ್ತು. ಎಂಥ ನಿದ್ದೆ ಅಂದರೆ, ಬೆನ್ನಿನ ಮೇಲೆ ಚಿಪ್ಪುಗಳು ಮನೆ ಕಟ್ಟಿಕೊಂಡು ಎರಡು ತಲೆಮಾರು ಬಾಳಿದ್ದವು. ಅವಳಿಗೆ ಎರಡೇ ಮಕ್ಕಳು, ಒಬ್ಬ ಮಗ, ಒಬ್ಬಳು ಮಗಳು. ಭೂತಾಯಿ ಲಕ್ಷಗಟ್ಟಲೆ ಮೊಟ್ಟೆ ಇಟ್ಟು ಮರೆತುಬಿಡುತ್ತದೆ. ತಾಟೆ ಹಾಗಲ್ಲ. ನಿನ್ನ ಅಮ್ಮ ನಿನ್ನನ್ನು ಹೊತ್ತಷ್ಟೇ ತಿಂಗಳು ಹೊತ್ತು, ಬೆರಳೆಣಿಕೆಯ ಮಕ್ಕಳನ್ನು ಹೆರುತ್ತದೆ. ಆ ಇಬ್ಬರೂ ಅಮ್ಮನ ಎರಡು ಬದಿಗೆ ನಿಂತು ನಿದ್ದೆ ಮಾಡುತ್ತಿದ್ದರು.

ನಡಿ, ನಡಿ. ದೋಣಿಯ ಹತ್ತಿರ ತಿರುಗಿಕೋ. ಕಿವಿರು ಅಲುಗಿತಾ? ಇಲ್ಲ ಅಲ್ಲವಾ. ಇರಲಿ, ನಡಿ.

ಎಲ್ಲರೂ ಮಲಗಿದರೂ ಕಡಲಮ್ಮನಿಗೆ ಮಾತ್ರ ನಿದ್ದೆ ಇಲ್ಲ. ದಡಕ್ಕೆ ಬಂದು ಹೋಗಿ, ಬಂದು ಹೋಗಿ ಅವಳು ಚಡಪಡಿಸುತ್ತಿದ್ದಳು. ಅವಳ ನೀರಿನಲ್ಲಿ ಒಂದು ಮೀನಿಗೆ ಕಾಯಿಲೆ ಬಂದಿತ್ತು. ನಿದ್ದೆಯಲ್ಲಿದ್ದವರಿಗೆ ಯಾರಿಗೂ ಅದು ಕಾಣಲಿಲ್ಲ. ಆ ಮೀನು ನಿಂತಲ್ಲೇ ಸತ್ತು, ನಿಂತಲ್ಲೇ ಕೊಳೆಯಿತು. ಪಕ್ಕದ್ದಕ್ಕೆ ಕಾಯಿಲೆ ಅಂಟಿತು. ಅದರ ಪಕ್ಕದ್ದಕ್ಕೂ ಅಂಟಿತು. ನೀರು ಕೆಟ್ಟು ಕಪ್ಪಾಗತೊಡಗಿತು.

ಕಡಲಮ್ಮ ಒಂದು ದೊಡ್ಡ ತೆರೆ ಎಬ್ಬಿಸಿ ಎಲ್ಲರನ್ನೂ ಅಲುಗಾಡಿಸಿದಳು. "ಯಾರಾದರೂ ಒಬ್ಬರು ಎಚ್ಚರ ಇರಬೇಕು. ಸುತ್ತು ಹೊಡೆಯುತ್ತಾ ಇರಬೇಕು. ಸತ್ತದ್ದನ್ನು, ಸಾಯುವುದನ್ನು ತಿಂದು ನೀರು ಚೊಕ್ಕ ಇಡಬೇಕು. ಗಾಳಿಚೀಲ ಇದ್ದರೆ ತೂಕಡಿಕೆ ಬಂದೇ ಬರುತ್ತದೆ. ಅದನ್ನು ವಾಪಸು ಕೊಟ್ಟು ಈ ಕೆಲಸ ಮಾಡುವವರು ಯಾರು?"

"ನನ್ನ ಬಾಯಿ ಸಣ್ಣದು" ಎಂದಿತು ಭೂತಾಯಿ, ಮಲಗಿತು.

"ನನ್ನ ಮೈ ನಾಜೂಕು" ಎಂದಿತು ಕಾಣೆ, ಮಲಗಿತು.

ಕೊಡ್ಡಾಯಿ ಏನೋ ಹೇಳಲು ಬಾಯಿ ತೆರೆಯಿತು, ಅಷ್ಟರಲ್ಲಿ ಗೊರಕೆ ಬಂತು.

ಕಡಲಮ್ಮ ತಾಟೆಯ ಹತ್ತಿರ ಬಂದಳು. "ನಿನ್ನ ಬಾಯಿ ದೊಡ್ಡದು, ಮೈ ಗಟ್ಟಿ. ನೀನು ಮಾಡುತ್ತೀಯಾ?"

ತಾಟೆ ಒಂದು ಕಣ್ಣು ತೆರೆದಳು. "ಎರಡು ಮಕ್ಕಳ ತಾಯಿ ಅಲ್ಲವಾ ಕಡಲಮ್ಮ ನಾನು? ಇನ್ನೊಂದು ನಿದ್ದೆ ಆಗಲಿ, ಆಮೇಲೆ ನೋಡುವ" ಎಂದು ಕಣ್ಣು ಮುಚ್ಚಿದಳು.

ಆ ಇನ್ನೊಂದು ನಿದ್ದೆ ಎಷ್ಟು ದಿನದ್ದೋ ಅವಳಿಗೇ ಗೊತ್ತಿಲ್ಲ. ಎಚ್ಚರವಾದಾಗ ನೀರು ನಾರುತ್ತಿತ್ತು. ಎಡಬದಿಯಲ್ಲಿ ಮಗ ಹಾಗೇ ನಿಂತಿದ್ದ. ಮೂತಿಯಿಂದ ಮುಟ್ಟಿದಳು, ಅಲುಗಲಿಲ್ಲ. ಇನ್ನೊಮ್ಮೆ ಮುಟ್ಟಿದಳು. ಅವನು ಯಾವತ್ತೋ ಸತ್ತುಹೋಗಿದ್ದ. ಪಕ್ಕದಲ್ಲೇ ಇದ್ದ ತಾಯಿಗೆ ಮಗ ಹೋದದ್ದು ಗೊತ್ತಾಗಲಿಲ್ಲ ಮಗಾ. ಅದಕ್ಕಿಂತ ದೊಡ್ಡ ಸಂಕಟ ಯಾವ ತಾಯಿಗೂ ಬೇಡ.

ತಾಟೆ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಕೂಗಿದಳು. "ನಿನ್ನ ಚೀಲ ತಗೋ! ಈಗಲೇ ತಗೋ!"

ಗಾಳಿ ಹಿಂದೆಮುಂದೆ ನೋಡಿತು. "ತಾಟೆ, ಚೀಲ ತೆಗೆದರೆ ನೀನು ನಿಲ್ಲುವ ಹಾಗಿಲ್ಲ. ನಿಂತರೆ ಮುಳುಗುತ್ತೀ. ನಿನ್ನ ಕಿವಿರಿಗೆ ನೀರು ತಾನಾಗಿ ಹರಿದು ಬರುವುದಿಲ್ಲ, ನೀನೇ ಈಜಿ ಈಜಿ ನೀರನ್ನು ನುಗ್ಗಿಸಿಕೊಳ್ಳಬೇಕು. ಕಾಯಿಲೆಯಾದರೂ ಈಜಬೇಕು, ಬೇಸರವಾದರೂ ಈಜಬೇಕು. ನಿನ್ನ ಚೀಲದ ಜೊತೆ ನಿನ್ನ ಮಗಳದ್ದೂ ಹೋಗುತ್ತದೆ, ಅವಳ ಮಕ್ಕಳದ್ದೂ ಹೋಗುತ್ತದೆ. ಯೋಚಿಸಿ ಹೇಳು."

ತಾಟೆ ಬಲಬದಿಯಲ್ಲಿ ಮಲಗಿದ್ದ ಮಗಳನ್ನು ನೋಡಿದಳು. ಎಷ್ಟು ಹಾಯಾಗಿ ಮಲಗಿತ್ತು ಆ ಮಗು! ಆ ಸುಖವನ್ನು ತಾಯಿಯೇ ಕಿತ್ತುಕೊಳ್ಳಬೇಕಲ್ಲ.

"ನಿದ್ದೆಯಲ್ಲಿ ಒಬ್ಬ ಹೋದ. ಇವಳು ಎಚ್ಚರದಲ್ಲಿ ಬದುಕಲಿ. ತೆಗಿ" ಎಂದಳು.

ಗಾಳಿ ತೆಗೆಯಿತು. ಮಗು ಬೆಚ್ಚಿಬಿದ್ದು ಎದ್ದಿತು. ತಾಯಿ ಮಗಳು ಇಬ್ಬರೂ ಕೆಳಕ್ಕೆ ಜಾರಿದರು. "ಈಜು ಮಗಳೇ, ಈಜು!" ಎಂದು ತಾಟೆ ಬಾಲ ಬೀಸಿದಳು. ಕಡಲಮ್ಮ ಅದನ್ನು ಕಂಡಳು. ಗಾಳಿಯ ಬದಲಿಗೆ ಇರಲಿ ಅಂತ ಅವಳು ಇಬ್ಬರ ಹೊಟ್ಟೆಯೊಳಗೂ ಒಂದಿಷ್ಟು ಎಣ್ಣೆ ತುಂಬಿಸಿದಳು. ಅದರಿಂದ ಮೈ ಸ್ವಲ್ಪ ಹಗುರಾಯಿತು, ಆದರೆ ನಿಲ್ಲುವಷ್ಟು ಹಗುರಾಗಲಿಲ್ಲ.

ಅಲ್ಲಿಂದ ಶುರುವಾಯಿತು ನೋಡು ಅವಳ ಸುತ್ತು. ಹೋಗು, ಬಾ. ಹೋಗು, ಬಾ. ಸತ್ತದ್ದನ್ನು ತಿಂದಳು, ನರಳುವುದನ್ನು ತಿಂದಳು. ಅವಳ ನೆರಳು ಕಂಡರೆ ಭೂತಾಯಿಗಳು ದಡಬಡ ಎದ್ದು ಓಡಿದವು. ಓಡಿದ ಮೀನು ಗಟ್ಟಿಯಾಯಿತು. ನೀರು ಮತ್ತೆ ತಿಳಿಯಾಯಿತು. ಯಾರೂ ಅವಳಿಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ, ನಿದ್ದೆ ಕೆಡಿಸುವವಳು ಅಂತ ಬೈದರು.

ತಾಟೆಯ ಬಳಗದಲ್ಲಿ ಕೆಲವರು ಚಾಲಾಕಿಗಳು. ಅವರು ಮರಳ ಮೇಲೆ ಬಿದ್ದುಕೊಂಡೇ ನೀರು ಎಳೆದುಕೊಂಡು ಉಸಿರಾಡುವುದನ್ನು ಕಲಿತರು. ನಿನ್ನ ಕೈಯಲ್ಲಿರುವುದು ಆ ಜಾತಿಯಲ್ಲ. ಹಾಗಾಗಿ ನಡಿ! ಏನು, ಅಂಗೈ ಉರಿಯುತ್ತದಾ? ತಾಟೆಯ ಚರ್ಮವೇ ಹಾಗೆ. ತಲೆಯಿಂದ ಬಾಲದ ಕಡೆ ಸವರಿದರೆ ನುಣುಪು, ಬಾಲದಿಂದ ತಲೆಯ ಕಡೆ ಸವರಿದರೆ ಗರಗಸ. ಸ್ವಲ್ಪ ತಡೆದುಕೋ.

ಈಗ ದಡದ ಕಥೆಗೆ ಬರುತ್ತೇನೆ. ಆ ಹೊತ್ತಿಗೆ ಅಳಿವೆಯ ಬದಿಯಲ್ಲಿ ನಮ್ಮವರು ಬಂದು ಮನೆ ಕಟ್ಟಿದ್ದರು. ದಡಕ್ಕೆ ಎಳೆಯುವ ದೊಡ್ಡ ಬಲೆ ಮಾಡಿದ್ದರು, ಇವತ್ತಿನ ಕೈರಂಪಣಿಯ ಮುತ್ತಜ್ಜಿ ಅನ್ನು. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುವುದು, ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ದಡದಿಂದ ಎಳೆಯುವುದು. ಅವರಲ್ಲಿ ಒಂದು ಕಟ್ಟಳೆ ಇತ್ತು, ಹಗ್ಗ ಹಿಡಿದವರಿಗೆಲ್ಲ ಪಾಲು. ದಾರಿಹೋಕ ಬಂದು ಹಗ್ಗ ಹಿಡಿದರೂ ಪಾಲು. ಕಣ್ಣು ಕಾಣದ ಬಡಿಯಜ್ಜ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಸುಮ್ಮನೆ ನಿಂತರೂ ಪಾಲು. ಬಸುರಿ ಹೆಂಗಸು ಹಿಡಿದರೆ ಎರಡು ಪಾಲು. ಪ್ರತಿದಿನ ಎಳೆಯುವ ಮೊದಲು ತಂಡೇಲ ಸೂರಣ್ಣ, ಅಂದರೆ ಬಲೆಯ ಯಜಮಾನ, ಇದನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದ. "ಹಗ್ಗ ಹಿಡ್ದವ್ರಿಗೆ ಪಾಲು ಇತ್ತ್! ಬನ್ನಿ!"

ದಿನಾ ಸುತ್ತು ಹೊಡೆಯುವ ತಾಟೆ ಅದನ್ನು ದಿನಾ ಕೇಳುತ್ತಿದ್ದಳು.

ಒಂದು ದಿನ ಮಗಳು ತಾಟೆ ಭೂತಾಯಿಯ ಹಿಂದೆ ಬಿದ್ದು ಅಳಿವೆಯ ತನಕ ಬಂದಳು. ಬಲೆ ಬಿಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ. "ಓ ಬೇಲೇ... ಐಸಾ!" ಎಂದು ಜನ ಎಳೆದ ಹಾಗೆ ಬಲೆ ಬಿಗಿಯಾಯಿತು. ಸಾವಿರ ಮೀನುಗಳ ನಡುವೆ ಮಗು ಸಿಕ್ಕಿಕೊಂಡಿತು. ಬಾಲ ಬೀಸಲು ಜಾಗ ಇಲ್ಲ. ಬಾಲ ಬೀಸದಿದ್ದರೆ ಉಸಿರಿಲ್ಲ.

ತಾಟೆಯ ಮೂತಿಯ ತುಂಬ ಸಣ್ಣ ಸಣ್ಣ ತೂತುಗಳಿವೆ, ನಿನ್ನ ಕೈಯಲ್ಲಿರುವುದಕ್ಕೂ ಇವೆ ನೋಡು. ಬೇರೆ ಮೀನಿನ ಎದೆಬಡಿತ ಅದರಲ್ಲಿ ಗೊತ್ತಾಗುತ್ತದೆ. ತಾಯಿಗೆ ಮಗಳ ಎದೆಬಡಿತ ಗೊತ್ತಾಯಿತು. ಅದು ನಿಧಾನವಾಗುತ್ತಿರುವುದೂ ಗೊತ್ತಾಯಿತು.

ಅವಳು ನುಗ್ಗಿ ಬಂದಳು. ಬಲೆಯ ಸುತ್ತ ಒಂದು ಸುತ್ತು ಹೊಡೆದಳು, ಎರಡು ಸುತ್ತು ಹೊಡೆದಳು. ನಿಂತು ಯೋಚಿಸೋಣ ಅಂದರೆ ನಿಲ್ಲುವ ಹಾಗಿಲ್ಲ. ಬಲೆ ಕಡಿದುಬಿಟ್ಟರೆ? ಕಡಿಯಬಹುದಿತ್ತು. ಆದರೆ ಬಲೆಯೊಳಗಿನ ಗಜಿಬಿಜಿಯಲ್ಲಿ ಮಗುವಿಗೇ ಹಲ್ಲು ತಾಗಿದರೆ? ಆಗ ಅವಳಿಗೆ ಸೂರಣ್ಣನ ದಿನದ ಕೂಗು ನೆನಪಾಯಿತು. ತಾಟೆ ನೇರ ದಡಕ್ಕೆ ಬಂದು, ಹೊಟ್ಟೆ ಮರಳಿಗೆ ಉಜ್ಜುವಷ್ಟು ಹತ್ತಿರ ಬಂದು, ಹಗ್ಗಕ್ಕೆ ಬಾಯಿ ಹಾಕಿದಳು.

"ಹಗ್ಗ ಕಡೀತಾ ಇತ್ತ್! ಹೊಡೀರಿ!" ಎಂದು ಸೂರಣ್ಣ ದೋಣಿಯ ಹುಟ್ಟು ಎತ್ತಿಕೊಂಡು ಓಡಿದ. ಒಂದು ಏಟು ಬಿತ್ತು, ಎರಡು ಬಿತ್ತು. ತಾಟೆ ಹಗ್ಗ ಬಿಡಲಿಲ್ಲ.

ಹಗ್ಗದ ಮುಂದಿನ ತುದಿಯಲ್ಲಿ ಮುತ್ತಕ್ಕ ಇದ್ದಳು. ಎಂಟು ತಿಂಗಳ ಬಸುರಿ. ಅವಳ ಕೈಗೆ ಹಗ್ಗ ತಟ್ಟನೆ ಹಗುರಾಯಿತು.

"ಸೂರಣ್ಣ, ಹೊಡಿಬೇಡಿ! ಕಡಿತಾ ಇಲ್ಲೆ ಅದ್. ನಮ್ ಬದಿಗೇ ಎಳಿತಾ ಇತ್ತ್, ಕಾಣಿ!"

ಎಲ್ಲರೂ ನೋಡಿದರು. ನಿಜ, ಹಗ್ಗ ದಡದ ಕಡೆಗೇ ಬರುತ್ತಿತ್ತು. ತಾಟೆ ಜನರ ಜೊತೆ ಸೇರಿ ಬಲೆ ಎಳೆಯುತ್ತಿದ್ದಳು. ಎಳೆದ ರಭಸಕ್ಕೆ ಅವಳ ಹಲ್ಲುಗಳು ಕಿತ್ತುಬಂದು ಹಗ್ಗದಲ್ಲೇ ಉಳಿದವು. ಕೊನೆಗೆ ಉಸಿರು ಕಟ್ಟಿತು, ಅವಳು ಹಗ್ಗ ಬಿಟ್ಟು ಆಳಕ್ಕೆ ತಿರುಗಲೇಬೇಕಾಯಿತು. ಅಷ್ಟರಲ್ಲಿ ಬಲೆ ದಡ ಮುಟ್ಟಿತ್ತು.

ತಾಟೆ ತೆರೆಯ ಆಚೆ ಸುತ್ತುತ್ತಾ ಬಂದಳು. ಹತ್ತಿರ ಬಂದಾಗ "ನನ್ನ ಪಾಲು" ಎಂದಳು. ದಾಟಿ ಹೋದಳು. ತಿರುಗಿ ಬಂದು "ಕೊಡಿ" ಎಂದಳು. ದಾಟಿ ಹೋದಳು. ಮತ್ತೆ ಬಂದು "ನನ್ನ ಮಗಳು" ಎಂದಳು. ಪಾಪ, ನಿಂತು ಒಂದು ಮಾತು ಪೂರ್ತಿ ಆಡುವ ಹಾಗೂ ಇಲ್ಲ ಅವಳಿಗೆ.

"ಪಾಲು ಕೈಯಲ್ಲಿ ಹಿಡ್ದವ್ರಿಗೆ" ಎಂದ ಸೂರಣ್ಣ. "ಅದ್ಕೆ ಕೈ ಎಲ್ಲಿತ್ತ್? ಮೀನಿಗೆಲ್ಲ ಪಾಲು ಕೊಡುಕ್ ಹೋದ್ರೆ ನಾವ್ ಮರಳ್ ತಿನ್ಕ್ ಅಷ್ಟೆ."

ಮುತ್ತಕ್ಕ ಹಗ್ಗ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು. "ನನ್ ಹೊಟ್ಟೆಲಿ ಇಪ್ಪು ಮಗಿಗೆ ದಿನಾ ಪಾಲು ಕೊಡ್ತ್ರಿ ಅಲ್ದಾ ಸೂರಣ್ಣ? ಅದ್ರ ಕೈ ಯಾರ್ ಕಂಡಿದ್ರ್?"

ಬಡಿಯಜ್ಜ ಹಗ್ಗವನ್ನು ತಡವುತ್ತಾ ಬಂದು, ಅದರಲ್ಲಿ ಚುಚ್ಚಿಕೊಂಡಿದ್ದ ಹಲ್ಲುಗಳ ಮೇಲೆ ಬೆರಳಾಡಿಸಿದ. "ನಾನ್ ಇಷ್ಟ್ ಗಟ್ಟಿ ಯಾವತ್ತೂ ಹಿಡಿಲಿಲ್ಲೆ ಮರಾಯ. ನಂಗೆ ಪಾಲು ಕೊಡ್ತಿ, ಅದ್ಕೂ ಕೊಡ್" ಎಂದ.

ಮುತ್ತಕ್ಕ ಅಪ್ಪಣೆಗೆ ಕಾಯಲಿಲ್ಲ. ರಾಶಿಯೊಳಗೆ ಕೈ ಹಾಕಿ ಮರಿಯನ್ನು ಎಳೆದು ತೆಗೆದಳು. ಹಸಿ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ನೀರಿಗೆ ಬಿಟ್ಟಳು, ಅದು ಕಲ್ಲಿನ ಹಾಗೆ ಮುಳುಗಿತು.

"ನಡೆಸು!" ಎಂದಳು ತಾಟೆ, ದಾಟಿ ಹೋದಳು. "ನಿಲ್ಲಿಸಬೇಡ!" ಎಂದಳು, ದಾಟಿ ಹೋದಳು.

ಮುತ್ತಕ್ಕ ಮುಳುಗಿದ ಮರಿಯನ್ನು ಎತ್ತಿಕೊಂಡು ನೀರಿನಲ್ಲಿ ನಡೆದಳು. ಒಂದು ಕೈ ಹೊಟ್ಟೆಯ ಅಡಿಗೆ, ಇನ್ನೊಂದು ಕೈ ಬಾಲದ ಹತ್ತಿರ, ಮೂತಿ ಮುಂದಕ್ಕೆ. ನೀನು ಈಗ ನಡೆಯುತ್ತೀಯಲ್ಲ, ಹಾಗೇ. ಹೋದಳು, ಬಂದಳು. ಹೋದಳು, ಬಂದಳು. ಆಚೆ ತಾಟೆ, ಈಚೆ ಮುತ್ತಕ್ಕ. ಬಿಸಿಲು ಏರಿತು, ದಡದಲ್ಲಿ ಮೀನು ಬಾಡತೊಡಗಿತು. ಯಾರಿಗೂ ಪಾಲು ಹಾಕುವ ಮನಸ್ಸು ಬರಲಿಲ್ಲ. ತುಂಬಿದ ಬಸುರಿಯ ಹೆಜ್ಜೆ ನಿಧಾನವಾದದ್ದನ್ನು ಕಂಡು ಸೂರಣ್ಣನೇ ನೀರಿಗಿಳಿದ. "ಕೊಡ್ ಮುತ್ತು, ಇನ್ನೊಂದ್ ಸುತ್ತು ನಾನ್ ನಡಿತೆ" ಎಂದು ಮರಿಯನ್ನು ತೆಗೆದುಕೊಂಡ. ಹುಟ್ಟು ಹಿಡಿದು ಹೊಡೆದ ಅದೇ ಕೈಯಲ್ಲಿ.

ಅವನ ಮೂರನೆಯ ಸುತ್ತಿಗೆ ಕಿವಿರು ಒಮ್ಮೆ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ಬಾಲ ಅವನ ಮೊಣಕೈಗೆ ರಪ್ಪನೆ ಬಡಿಯಿತು. ಅವನು ಕೈ ಬಿಡುವ ಮೊದಲೇ ಮರಿ ಹೋಗಿಯಾಗಿತ್ತು.

ಆ ದಿನ ಎಲ್ಲರೂ ಬಾಡಿದ ಮೀನು ತಿಂದರು. ಯಾರೂ ಗೊಣಗಲಿಲ್ಲ. ಕಡಲಮ್ಮ ತಾಟೆಗೆ ಹೊಸ ಹಲ್ಲು ಕೊಟ್ಟಳು, ಅದರ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು ಸಾಲು, ಹಗ್ಗ ಹಿಡಿಯುವ ಕಾಲ ಇನ್ನೂ ಬರಬಹುದು ಅಂತ. ಸೂರಣ್ಣ ಮಾರನೆಯ ದಿನ ಎಳೆಯುವ ಮೊದಲು ಕೂಗಿದ. "ಹಗ್ಗ ಹಿಡ್ದವ್ರಿಗೆ ಪಾಲು ಇತ್ತ್! ತಾಟೆ ಮರಿ ಬಂದ್ರೆ ಮೊದ್ಲು ಅದ್ನ ಬಿಡ್ಕ್!"

ಈ ಕಥೆ ನನಗೆ ಸಣ್ಣದಿರುವಾಗಿಂದ ಗೊತ್ತು ಮಗಾ. ಗೊತ್ತಿದ್ದೂ ಇಂಥ ಮರಿಗಳನ್ನು ಉಪ್ಪು ಹಾಕಿ ಒಣಗಿಸಿ ಬುಟ್ಟಿಗಟ್ಟಲೆ ಸಂತೆಗೆ ಹೊತ್ತಿದ್ದೇನೆ. ಕಡಲು ದೊಡ್ಡದು, ಎಷ್ಟು ತೆಗೆದರೂ ಮುಗಿಯುವುದಿಲ್ಲ ಅಂದುಕೊಂಡಿದ್ದೆ. ಆಗ ನಿನ್ನ ಅಜ್ಜನ ದೋಣಿಗೆ ದಿನಾ ತಾಟೆ ಬರುತ್ತಿತ್ತು. ಈಗ ಇಡೀ ಮಳೆಗಾಲ ಕಳೆದ ಮೇಲೆ ಇದೊಂದು ಬಂದಿದೆ. ಇವತ್ತು ರಾಶಿಯಲ್ಲಿ ಇದನ್ನು ಕಂಡಾಗ ನನಗೆ ನಾಚಿಕೆಯಾಯಿತು. ಅದಕ್ಕೇ ಈ ಮೊಣಕಾಲು ನೋವು ಕಟ್ಟಿಕೊಂಡು ನೀರಿಗಿಳಿದದ್ದು.

ಏನು? ಅಲುಗಿತಾ? ನಿಲ್ಲಬೇಡ, ನಿಲ್ಲಬೇಡ, ನಡೀತಾ ಹೇಳು! ಹೌದು, ಕಿವಿರು ತೆರೆಯುತ್ತಿದೆ. ಇನ್ನು ನಾಲ್ಕು ಹೆಜ್ಜೆ. ಕೈ ಸಡಿಲ ಮಾಡು. ಸಾಕು, ಬಿಡು!

ಹೋಯಿತು. ಥೂ, ಮುಖಕ್ಕೆಲ್ಲ ನೀರು ಎರಚಿ ಹೋಯಿತು ಕಳ್ಳಿ!

ಅಳುತ್ತೀಯಾ? ನಾನೂ ಅಳುತ್ತೇನೆ, ಪರವಾಗಿಲ್ಲ, ಉಪ್ಪು ನೀರಲ್ಲೇ ಇದ್ದೇವೆ. ಈಗ ಕಣ್ಣೊರೆಸಿಕೊಂಡು ತೆರೆ ಒಡೆಯುವ ಜಾಗದ ಆಚೆ ನೋಡು. ಕಪ್ಪು ರೆಕ್ಕೆಯೊಂದು ನೀರು ಸೀಳಿಕೊಂಡು ಹೋಗುತ್ತಿದೆ, ಕಂಡಿತಾ? ನೀನು ಹೆದರುತ್ತೀ ಅಂತ ಹೇಳಲಿಲ್ಲ ಅಷ್ಟೇ. ಅಂದು ಗಾಳಿಗೆ ತನ್ನ ಚೀಲ ವಾಪಸು ಕೊಟ್ಟ ತಾಟೆ ಇವತ್ತಿಗೂ ನಿಂತಿಲ್ಲ, ನಾವು ಇಲ್ಲಿ ಹೋಗಿ ಬಂದಷ್ಟು ಹೊತ್ತೂ ಅದು ಅಲ್ಲಿ ನಮ್ಮ ಜೊತೆಗೇ ಹೋಗುತ್ತಾ ಬರುತ್ತಾ ಇತ್ತು.